ಇಸ್ತ್ರಿಯಮ್ಮ ಚುಚ್ಚಿದ ಚುಕ್ಕೆಗಳು

ನನ್ನ ದೊಡ್ಡಮ್ಮನಿಗೆ ಸುಕ್ಕು ಕಂಡರೆ ಆಗುತ್ತಿರಲಿಲ್ಲ. ಬಟ್ಟೆಯ ಸುಕ್ಕು ಬಿಡಿಸುವುದು ಅವಳ ಕಸುಬು, ಅದನ್ನು ಒಪ್ಪಬಹುದು. ಆದರೆ ಬಸ್ಸಿನ ಟಿಕೆಟ್ಟು, ಔಷಧಿ ಚೀಟಿ, ತರಕಾರಿ ಕಟ್ಟಿಕೊಟ್ಟ ಹಳೆಯ ಪೇಪರು, ಯಾವುದನ್ನೂ ಅಂಗೈಯಿಂದ ಒಮ್ಮೆ ಸವರಿ ಸಪಾಟು ಮಾಡದೆ ಅವಳು ಕೆಳಗಿಡುತ್ತಿರಲಿಲ್ಲ. ಚಿಕ್ಕವಳಾಗಿದ್ದಾಗ ನಾನು ಅಳುತ್ತಾ ಹೋದರೆ, ಏನಾಯಿತೆಂದು ಕೇಳುವ ಮೊದಲೇ ನನ್ನ ಹಣೆಯನ್ನೂ ಹಾಗೆಯೇ ಸವರುತ್ತಿದ್ದಳು. ಬಿಸಿಯಾದ, ಒರಟಾದ ಆ ಕೈ ನನಗೆ ಇಂದಿಗೂ ಬೇಕು ಅನ್ನಿಸುತ್ತದೆ.

ಬೀದಿಗೆಲ್ಲ ಅವಳು ಇಸ್ತ್ರಿಯಮ್ಮ. ಮನೆಯ ಮುಂದಿನ ಕೋಣೆಯೇ ಅಂಗಡಿ. ಉದ್ದನೆಯ ಮೇಜು, ಅದರ ಮೇಲೆ ನಾಲ್ಕು ಪದರ ಕಂಬಳಿ, ಕಂಬಳಿಯ ಮೇಲೆ ಬಿಳಿ ಬಟ್ಟೆ. ಗೋಡೆಯಿಂದ ಗೋಡೆಗೆ ಹಗ್ಗ, ಹಗ್ಗದ ತುಂಬ ಊರವರ ಶರ್ಟು. ಕರೆಂಟಿನ ಪೆಟ್ಟಿಗೆ ಬಂದ ಮೇಲೂ ಇದ್ದಿಲಿನ ಎರಡು ಹಳೆಯ ಹಿತ್ತಾಳೆ ಪೆಟ್ಟಿಗೆಗಳನ್ನು ಅವಳು ಮಾರಲಿಲ್ಲ. ಎತ್ತಿದರೆ ಭುಜ ಕಳಚಿ ಬರಬೇಕು, ಅಷ್ಟು ಭಾರ. "ನನ್ನನ್ನ ಸಾಕಿದ ಪೆಟ್ಟಿಗೆಗಳು ಕಣೇ. ವಯಸ್ಸಾಯ್ತು ಅಂತ ಹೊರಗೆ ಹಾಕ್ತಾರಾ?" ಎನ್ನುತ್ತಿದ್ದಳು. ಆ ಪೆಟ್ಟಿಗೆಗಳೇ ಮುಂದೆ ಅವಳ ಎರಡು ವರ್ಷದ ದುಡಿಮೆಯನ್ನು ನುಂಗಿದವು.

ಅಂಗಡಿಗೆ ಒಂದು ಕಾನೂನೂ ಇತ್ತು. ಗಂಟಿನಲ್ಲಿ ಹತ್ತು ಬಟ್ಟೆ ಬಂದರೆ ಹತ್ತೂ ಮುಗಿದ ಮೇಲೇ ವಾಪಸ್ಸು. "ಈಗ ಎರಡು ಕೊಡಿ, ನಾಳೆ ಉಳಿದದ್ದು" ಎಂದು ಯಾರು ಗೋಗರೆದರೂ ಕೊಡುತ್ತಿರಲಿಲ್ಲ. ಒಬ್ಬ ಮದುಮಗನನ್ನು ಮದುವೆಯ ಬೆಳಿಗ್ಗೆ ಬನಿಯನ್ನಿನಲ್ಲಿ ಕೂರಿಸಿದ ಹೆಗ್ಗಳಿಕೆ ಅವಳದು. ಈ ಕಾನೂನನ್ನೂ ನೆನಪಿಡಿ.

ನಾಲ್ಕು ಮನೆ ಆಚೆ ಕುರ್ಚಿಗಳಿಗೆ ಬೆತ್ತ ಹೆಣೆಯುವವನಿದ್ದ. ನಮಗೆ ಅವನು ಬೆತ್ತದ ಮಾಮ. ಹುಟ್ಟಿನಿಂದಲೇ ಕಣ್ಣಿಲ್ಲ. ಅವನು ಹೆಣೆದ ಕುರ್ಚಿಯಲ್ಲಿ ಕೂತವರು ಆ ಕುರ್ಚಿಯನ್ನು ಮಕ್ಕಳಿಗೆ ಬಿಟ್ಟು ಹೋಗುತ್ತಾರೆಂದು ಮಾತಿತ್ತು. ಚರ್ಚಿನಲ್ಲಿ ಮೂರನೇ ಬೆಂಚಿನಲ್ಲಿ ದೊಡ್ಡಪ್ಪ, ದೊಡ್ಡಮ್ಮ, ಅವರ ಪಕ್ಕದಲ್ಲಿ ಅವನು, ಕೊನೆಗೆ ನಾನು. ಅವನು ದೊಡ್ಡಮ್ಮನನ್ನು ಅಕ್ಕಾ ಎನ್ನುತ್ತಿದ್ದ, ಆದ್ದರಿಂದ ದೊಡ್ಡಪ್ಪ ತಾನಾಗಿಯೇ ಅವನಿಗೆ ಭಾವ ಆಗಿದ್ದರು.

ಒಂದು ಭಾನುವಾರ ಆರಾಧನೆ ಮುಗಿಸಿ ನಡೆದು ಬರುತ್ತಿದ್ದೆವು. ಅಂದು ಸುವಾರ್ತೆ ಓದಿದವರು ಸಭೆಯ ಕಾರ್ಯದರ್ಶಿ. ಅವರು ಯಾವಾಗಲೂ ರೈಲು ಹಿಡಿಯಬೇಕಾದವರ ಹಾಗೆ ಓದುತ್ತಾರೆ. "ಮನೆಗೆ ಬಾರಯ್ಯ, ನಾನು ನಿಧಾನವಾಗಿ ಓದಿ ಹೇಳ್ತೀನಿ," ಎಂದರು ದೊಡ್ಡಪ್ಪ.

"ಬೇಡ ಬಿಡಿ ಭಾವ. ನೀವು ಒಂದು ವಚನ ಓದಿ ಅರ್ಧ ಗಂಟೆ ಅರ್ಥ ಹೇಳ್ತೀರಿ," ಎಂದ ಬೆತ್ತದ ಮಾಮ. ಆಮೇಲೆ ದೊಡ್ಡಮ್ಮನ ಕಡೆ ಮುಖ ತಿರುಗಿಸಿದ. "ಅವರವರ ವೇಗ ಅವರವರದು ಅಕ್ಕಾ. ನನಗೆ ಕೆಲವು ಮಾತು ಬಂದಾಗ ಅಲ್ಲೇ ಸ್ವಲ್ಪ ಹೊತ್ತು ಕೂತ್ಕೋಬೇಕು ಅನ್ಸುತ್ತೆ. ಓದೋರಿಗೆ ನಿಲ್ಸಿ ನಿಲ್ಸಿ ಅಂತ ಎಷ್ಟು ಸಲ ಹೇಳ್ಲಿ? ಸುವಾರ್ತೆ ನನ್ನ ಬೆರಳಿಗೇ ಸಿಕ್ಕಿದ್ರೆ ಚೆನ್ನಾಗಿತ್ತು."

"ನಿನ್ನ ಹತ್ರ ಆ ಚುಕ್ಕೆ ಪುಸ್ತಕ ಇದೆಯಲ್ಲ?"

"ಇದೆ. ಕುರುಡರ ಶಾಲೇಲಿ ಕೊಟ್ಟಿದ್ದು, ಆರೋಗ್ಯ ಪಾಠ. ಹಲ್ಲುಜ್ಜೋದು ಹೇಗೆ ಅಂತ ನಾನೂರು ಸಲ ಓದಿದೀನಿ. ಈಗ ನನಗೆ ಉಳಿದಿರೋದೇ ಆರು ಹಲ್ಲು."

ನಾವೆಲ್ಲ ನಕ್ಕೆವು. ದೊಡ್ಡಮ್ಮ ನಗಲಿಲ್ಲ. ಅಚ್ಚಾದ ಚುಕ್ಕೆ ಸುವಾರ್ತೆ ದೂರದ ಒಂದು ಊರಿನಲ್ಲಿ ಸಿಗುತ್ತದೆಂದು ಕೇಳಿ ಕಾರ್ಯದರ್ಶಿಯ ಬೆನ್ನು ಹತ್ತಿದಳು. ಅವರು ಒಂದು ಕಾಗದ ಬರೆದರು, ಉತ್ತರ ಬರಲಿಲ್ಲ, ಅಲ್ಲಿಗೆ ಮರೆತರು. ಆರು ತಿಂಗಳು ಕಾದ ದೊಡ್ಡಮ್ಮ ಒಂದು ದಿನ ಬೆತ್ತದ ಮಾಮನ ಅಂಗಡಿಗೆ ಹೋಗಿ, "ನನಗೆ ಕಲಿಸು, ನಾನೇ ಬರೀತೀನಿ" ಎಂದಳು. ಆಗ ಅವಳಿಗೆ ಐವತ್ತೆಂಟು. ಓದಿದ್ದು ಆರನೇ ಕ್ಲಾಸು.

ಬೆರಳಿನಿಂದ ಓದುವ ಆ ಬರಹ ಹೀಗೆ. ಸಾಲು ಸಾಲು ಕಿಂಡಿಗಳಿರುವ ಒಂದು ಪಟ್ಟಿ. ಅದರಲ್ಲಿ ದಪ್ಪ ಹಾಳೆ ಸಿಕ್ಕಿಸಿ, ಮೊಂಡು ಮೊನೆಯ ಒಂದು ಚಿಕ್ಕ ಸಲಕರಣೆಯಿಂದ ಹಿಂದಿನಿಂದ ಒತ್ತಬೇಕು. ದೊಡ್ಡಮ್ಮ ಅದಕ್ಕೆ ದಬ್ಬಳ ಎಂದು ಹೆಸರಿಟ್ಟಳು. ಹಿಂದಿನಿಂದ ಒತ್ತಿದ್ದು ಮುಂದೆ ಉಬ್ಬು ಚುಕ್ಕೆಯಾಗಿ ಏಳುತ್ತದೆ. ಹಾಳೆಯನ್ನು ಮಗುಚಿ ಓದುವುದರಿಂದ ಬರೆಯುವಾಗ ಬಲದಿಂದ ಎಡಕ್ಕೆ, ತಿರುವುಮುರುವಾಗಿ ಬರೆಯಬೇಕು. ನನಗೆ ನೋಡಿದರೇ ತಲೆ ಸುತ್ತುತ್ತಿತ್ತು. "ಅಯ್ಯೋ, ಶರ್ಟನ್ನ ಒಳಮೈ ಹೊರಗೆ ಮಾಡಿ ಇಸ್ತ್ರಿ ಮಾಡಲ್ವಾ? ಅದೇ ಇದು," ಎಂದಳು ದೊಡ್ಡಮ್ಮ.

ನಾನು ಶಾಲೆಯಲ್ಲಿ ಗಣಿತ ಕಲಿಸುವವಳು. ದಿನಕ್ಕೆ ಅರ್ಧ ಹಾಳೆಯಾದರೆ ಎಷ್ಟು ಕಾಲ ಬೇಕೆಂದು ಹೇಳಿದೆ. "ಆಗ್ಲಿ," ಎಂದಳು. ಹುಚ್ಚುತನವೆಂದೂ ಹೇಳಿದೆ. "ಆಗ್ಲಿ," ಎಂದಳು. ಆ ಒಂದು ಮಾತಿನ ಮುಂದೆ ವಾದ ಮಾಡಿ ಗೆದ್ದವರನ್ನು ನಾನು ನೋಡಿಲ್ಲ.

ಮೊದಲ ಹಾಳೆ ಮುಗಿದ ಕೂಡಲೇ ಬಿಸಿಬಿಸಿಯಾಗಿಯೇ ಅವನಿಗೆ ಕೊಟ್ಟಳು. ಅವನು ಬೆರಳಾಡಿಸಿ ಓದಿ, ಎರಡು ತಪ್ಪು ತೋರಿಸಿ, ಹಾಳೆಯನ್ನು ಅಂಗಿಯ ಒಳಗೆ ಇಟ್ಟುಕೊಂಡು, "ಮುಂದಿನದು ಯಾವಾಗ ಅಕ್ಕಾ?" ಎಂದ.

"ಎಲ್ಲಾ ಆದ ಮೇಲೆ. ಗಂಟು ಬಿಡಿಸಿ ಕೊಡೋ ಪದ್ಧತಿ ನನ್ನ ಹತ್ರ ಇಲ್ಲ."

ಅವನು ಬೇಡಿಕೊಂಡ. ಮದುಮಗನಿಗೇ ಕೊಡದವಳು ಇವನಿಗೆ ಕೊಟ್ಟಾಳೆಯೇ? ಗಿರಾಕಿಗಳಿಲ್ಲದ ಮಧ್ಯಾಹ್ನ ಎರಡು ಗಂಟೆ, ಇಸ್ತ್ರಿ ಮೇಜಿನ ಮೂಲೆಯಲ್ಲಿ ಟಕ್ ಟಕ್ ಎಂದು ಚುಚ್ಚಿಕೊಂಡು ಕೂರುತ್ತಿದ್ದಳು. ಬರೆದ ಹಾಳೆಗಳು ಅಂಚಿನಲ್ಲಿ ಸುರುಳಿಕೊಳ್ಳುತ್ತಿದ್ದವು. ಸುರುಳಿ ಎಂದರೆ ಸುಕ್ಕಿನ ತಮ್ಮ. ಅವಳಿಂದ ಸಹಿಸಲಾದೀತೇ? ಎರಡು ಹಲಗೆಗಳ ನಡುವೆ ಹಾಳೆಗಳನ್ನಿಟ್ಟು, ಮೇಲೆ ಆ ಎರಡು ಹಿತ್ತಾಳೆ ಪೆಟ್ಟಿಗೆಗಳನ್ನು ಹೇರಿದಳು. "ಬಿಸಿ ಮುಟ್ಟಿಸಿಲ್ಲ ನೋಡು. ಬಿಸಿ ಮುಟ್ಟಿಸಿದ್ರೆ ಚುಕ್ಕೆ ಹೋಗುತ್ತೆ, ಅಷ್ಟು ಬುದ್ಧಿ ನನಗಿದೆ," ಎಂದು ನನಗೇ ಹೇಳಿದಳು. ನಾನೂ ಹೌದೆಂದೆ. ಗಣಿತದವಳಿಗೂ ಅಷ್ಟೇ ಬುದ್ಧಿ.

ಎರಡು ವರ್ಷಕ್ಕೆ ಇನ್ನೂರ ಹನ್ನೊಂದು ಹಾಳೆ ಮುಗಿಯಿತು. ಶನಿವಾರ ದೊಡ್ಡಪ್ಪ ಹಾಳೆಗಳನ್ನು ಜೋಡಿಸಿ, ಬೆನ್ನಿಗೆ ಬಟ್ಟೆ ಅಂಟಿಸಿ, ಮೂರು ಪುಸ್ತಕ ಮಾಡಿದರು. ಅಂಟು ಒಣಗಲೆಂದು ಬೆಳಗಿನವರೆಗೆ ಬಿಟ್ಟು, ಭಾನುವಾರ ಮನೆಯಿಂದ ನೇರವಾಗಿ ಚರ್ಚಿಗೇ ಹೊತ್ತುಕೊಂಡು ಹೋದೆವು. ಅಂದು ಪಾಠವನ್ನು ಬೆತ್ತದ ಮಾಮ ಓದಬೇಕೆಂದು ಪಾದ್ರಿಗಳು ಮೊದಲೇ ಗೊತ್ತುಮಾಡಿದ್ದರು. ಗುರು ಎದ್ದು, ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು, ಶಿಷ್ಯರ ಕಾಲು ತೊಳೆದ ಅಧ್ಯಾಯ.

ಅವನು ಎದ್ದು ನಿಂತ. ದೊಡ್ಡಮ್ಮ ತೆರೆದುಕೊಟ್ಟ ಪುಟದ ಮೇಲೆ ಬೆರಳಿಟ್ಟ. ಬಹಳ ಹೊತ್ತು ಮಾತೇ ಬರಲಿಲ್ಲ. ಮನಸ್ಸು ತುಂಬಿ ಬಂದಿದೆಯೆಂದು ನಾವೆಲ್ಲ ತಿಳಿದೆವು. ಪಾದ್ರಿಗಳು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಅವನ ದನಿ ಎದ್ದಿತು. ನಿಧಾನವಾಗಿ, ಸ್ಪಷ್ಟವಾಗಿ, ಒಂದೂ ತಪ್ಪಿಲ್ಲದೆ. ಬೆರಳು ಸಾಲಿನಿಂದ ಸಾಲಿಗೆ ಹೋಗುತ್ತಿತ್ತು. ಪಕ್ಕದಲ್ಲಿ ದೊಡ್ಡಮ್ಮನ ತುಟಿಗಳೂ ಅವನ ಜೊತೆಗೆ ಅಲುಗುತ್ತಿದ್ದವು. ಗುರು ಬೋಗುಣಿಗೆ ನೀರು ಹೊಯ್ದದ್ದಾಯಿತು. ಅಲ್ಲಿಗೆ ದೊಡ್ಡಮ್ಮನ ತುಟಿ ನಿಂತುಬಿಟ್ಟಿತು. ಅವನು ಮಾತ್ರ ಮುಂದುವರಿದು ಅಧ್ಯಾಯ ಮುಗಿಸಿದ. ಸಭೆಯೆಲ್ಲ ಎದ್ದು ಚಪ್ಪಾಳೆ ತಟ್ಟಿತು. ನಮ್ಮ ಚರ್ಚಿನಲ್ಲಿ ನಾನು ಚಪ್ಪಾಳೆ ಕೇಳಿದ್ದು ಅದೇ ಮೊದಲು.

ದಾರಿಯುದ್ದಕ್ಕೂ ದೊಡ್ಡಮ್ಮ ತುಟಿ ಬಿಚ್ಚಲಿಲ್ಲ. "ಸಂತೋಷಕ್ಕೆ ಬಾಯಿ ಕಟ್ಟಿದೆ," ಎಂದರು ದೊಡ್ಡಪ್ಪ. ಊಟ ಮಾಡದೆ ಮಲಗಿದಾಗ ಅವರಿಗೂ ದಿಗಿಲಾಯಿತು.

ಮಾರನೆಯ ದಿನ ಅವಳು ಬೆತ್ತದ ಮಾಮನ ಅಂಗಡಿಗೆ ಹೋದಳು. ಅಲ್ಲಿ ಆದ ಮಾತನ್ನು ಇಬ್ಬರೂ ನನಗೆ ಬೇರೆ ಬೇರೆಯಾಗಿ ಹೇಳಿದ್ದಾರೆ. ಎರಡೂ ತಾಳೆಯಾಗುವುದರಿಂದ ನಂಬುತ್ತೇನೆ.

"ನಿನ್ನೆ ಚೆನ್ನಾಗಿ ಓದಿದೆಯಪ್ಪ," ಎಂದಳಂತೆ.

"ನೀವು ಬರೆದಿದ್ದು ಹಾಗಿತ್ತು ಅಕ್ಕಾ."

"ಬೋಗುಣಿಗೆ ನೀರು ಹೊಯ್ದ ಮೇಲೆ ಹಾಳೆ ಮುಗಿಯುತ್ತೆ. ಕಾಲು ತೊಳೆಯೋದು ಮುಂದಿನ ಹಾಳೇಲಿ. ನೀನು ತಿರುವಲೇ ಇಲ್ಲ."

ಅವನು ಕೈಯಲ್ಲಿದ್ದ ಬೆತ್ತ ಕೆಳಗಿಟ್ಟನಂತೆ. ಐವತ್ತು ವರ್ಷ ಕೇಳಿ ಕೇಳಿ ಬಾಯಿಪಾಠವಾದ ಅಧ್ಯಾಯ ಅದು. ಅವನು ಓದಿರಲಿಲ್ಲ, ಒಪ್ಪಿಸಿದ್ದ.

"ಒಂದು ಚುಕ್ಕೇನೂ ಸಿಗಲಿಲ್ವೇನೋ?"

"ಅಲ್ಲೊಂದು ಇಲ್ಲೊಂದು ಸಿಕ್ತು ಅಕ್ಕಾ. ಉಳಿದಿದ್ದೆಲ್ಲ ನೀವು ಇಸ್ತ್ರಿ ಮಾಡಿದ ಚಾದರದ ಮೇಲೆ ಕೈಯಿಟ್ಟ ಹಾಗಿತ್ತು. ಮನೆಗೆ ಹೋಗಿ ಮೂರು ಪುಸ್ತಕಾನೂ ನೋಡಿದೆ. ಅದೇ ಕಥೆ."

ದೊಡ್ಡಮ್ಮನಿಗೆ ಆಗ ಹಿತ್ತಾಳೆ ಪೆಟ್ಟಿಗೆಗಳು ನೆನಪಾದವು. ಕಣ್ಣಿಗೆ ಚುಕ್ಕೆಗಳು ಕಾಣುತ್ತಿದ್ದವು, ಎಣಿಸಬಹುದಿತ್ತು. ಬೆರಳಿಗೆ ಮಾತ್ರ ಏನೂ ಉಳಿದಿರಲಿಲ್ಲ. ಅವಳು ಕಣ್ಣಿನಿಂದ ನೋಡಿ ನೋಡಿ ಖುಷಿಪಟ್ಟಿದ್ದಳು. ನಲವತ್ತು ವರ್ಷ ಬಿಸಿ ಹಿಡಿದು ಜಡ್ಡುಗಟ್ಟಿದ ಅವಳ ಬೆರಳಿಗೆ ಹೊಸ ಚುಕ್ಕೆಯೂ ತಿಳಿಯುತ್ತಿರಲಿಲ್ಲ, ಹಳೆಯದೂ ತಿಳಿಯುತ್ತಿರಲಿಲ್ಲ.

"ಚರ್ಚಿನಲ್ಲಿ ನಿಂತು ಸುಳ್ಳು ಹೇಳಿದೆಯಲ್ಲೋ," ಎಂದು ಅವನ ಮೇಲೆ ರೇಗಿದಳಂತೆ.

"ಹೇಳಿದ ಮಾತು ಒಂದೂ ಸುಳ್ಳಲ್ಲ ಅಕ್ಕಾ. ಓದ್ತಾ ಇದೀನಿ ಅನ್ನೋದೊಂದೇ ಸುಳ್ಳು. ನಿಮ್ಮ ಮುಖ ಸಣ್ಣದಾಗೋದು ನನಗೆ ಬೇಡವಾಗಿತ್ತು."

"ನನ್ನ ಮುಖ ನಿನಗೆ ಕಾಣಲ್ವಲ್ಲೋ," ಎಂದು ದೊಡ್ಡಮ್ಮ ಅತ್ತಳು. ಅವನೂ ಅತ್ತನಂತೆ. ಅವನು ಅತ್ತ ವಿಷಯ ಹೇಳಿದ್ದು ದೊಡ್ಡಮ್ಮ, ಅವಳು ಅತ್ತ ವಿಷಯ ಹೇಳಿದ್ದು ಅವನು.

ಮುಂದಿನ ಭಾನುವಾರ ಅವಳು ಮಾಡಿದ್ದನ್ನು ನಾನಾಗಿದ್ದರೆ ಮಾಡುತ್ತಿರಲಿಲ್ಲ. ಆರಾಧನೆಯ ಕೊನೆಯಲ್ಲಿ ಎದ್ದು ನಿಂತು, ಹಲಗೆ, ಪೆಟ್ಟಿಗೆ, ಬೋಗುಣಿ, ತಿರುವದ ಹಾಳೆ, ಎಲ್ಲವನ್ನೂ ಹೇಳಿದಳು. "ಆ ಚಪ್ಪಾಳೆ ನನ್ನದಲ್ಲ, ವಾಪಸ್ ತಗೊಳ್ಳಿ" ಎಂದು ಕೂತಳು. ಹೊರಗೆ ಬಂದಾಗ ಎಲ್ಲರೂ ಸುತ್ತುವರಿದು ಸಮಾಧಾನ ಹೇಳಿದರು. "ಹೋಗ್ಲಿ ಬಿಡಿ ಇಸ್ತ್ರಿಯಮ್ಮ, ದೇವರು ನೋಡೋದು ಮನಸ್ಸನ್ನ," ಎಂದರು ಕಾರ್ಯದರ್ಶಿ.

"ದೇವರು ಮನಸ್ಸು ನೋಡ್ತಾನೆ, ಸರಿ. ಇವನ ಬೆರಳು ಏನನ್ನ ನೋಡ್ಬೇಕು?" ಎಂದಳು ದೊಡ್ಡಮ್ಮ.

ಕಾರ್ಯದರ್ಶಿ ಮತ್ತೊಂದು ಕಾಗದ ಬರೆಯುತ್ತೇನೆಂದರು. ಬರೆದರೋ ಇಲ್ಲವೋ ಗೊತ್ತಿಲ್ಲ, ಪುಸ್ತಕವಂತೂ ಬರಲಿಲ್ಲ.

ಆಮೇಲೆ ಮೂರು ತಿಂಗಳು ದೊಡ್ಡಮ್ಮ ದಬ್ಬಳ ಮುಟ್ಟಲಿಲ್ಲ. ಅವಳನ್ನು ಅಷ್ಟು ಸೋತಂತೆ ನಾನು ಎಂದೂ ಕಂಡಿರಲಿಲ್ಲ. ದೊಡ್ಡಪ್ಪ ಹಳೆಯ ಹಾಳೆಯನ್ನೇ ಮತ್ತೆ ಪಟ್ಟಿಗೆ ಸಿಕ್ಕಿಸಿ, ಅದೇ ಚುಕ್ಕೆಗಳನ್ನು ಒತ್ತಿ ಎಬ್ಬಿಸಲು ನೋಡಿದರು. ಹಾಳೆ ಹರಿಯಿತು. ಅವಳು ಬೈಯಲೂ ಇಲ್ಲ. ಒಂದು ಸಂಜೆ ಗಿರಾಕಿಯೊಬ್ಬರ ಶರ್ಟಿನ ಕಾಲರು ಸುಕ್ಕಾಗಿಯೇ ಹಗ್ಗಕ್ಕೇರಿದ್ದನ್ನು ನೋಡಿ ನನಗೆ ಹೆದರಿಕೆಯಾಯಿತು. "ಪ್ರೀತಿಯಿಂದ ಮಾಡಿದೆ ಕಣೇ. ಪ್ರೀತಿಯಿಂದಾನೇ ಹಾಳು ಮಾಡಿದೆ," ಎಂದಳು ಒಮ್ಮೆ. ನಾನು ಅವಳ ಹಣೆ ಸವರಿದೆ.

ಒಂದು ಮಧ್ಯಾಹ್ನ ಬೆತ್ತದ ಮಾಮ ಕೋಲು ಕುಟ್ಟಿಕೊಂಡು ಅಂಗಡಿಗೆ ಬಂದ. ನಾನೂ ಅಲ್ಲಿದ್ದೆ. ಅಂಗಿಯ ಒಳಗಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟ. ಅವಳು ಎರಡು ವರ್ಷದ ಹಿಂದೆ ಕೊಟ್ಟ ಮೊದಲ ಹಾಳೆ, ಪೆಟ್ಟಿಗೆಯ ಅಡಿಗೆ ಹೋಗದ ಒಂದೇ ಹಾಳೆ. ಬೆವರಿಗೆ ಹಳದಿಯಾಗಿತ್ತು, ಮಡಿಕೆ ಬಿದ್ದಿತ್ತು, ಚುಕ್ಕೆಗಳು ಮಾತ್ರ ಎದ್ದು ನಿಂತಿದ್ದವು.

"ದಿನಾ ಓದ್ತೀನಿ ಅಕ್ಕಾ. ಹಲ್ಲುಜ್ಜೋ ಪಾಠಕ್ಕಿಂತ ಎಷ್ಟೋ ಚೆನ್ನಾಗಿದೆ. ಆದ್ರೆ ಮಾತಿನ ಮಧ್ಯದಲ್ಲೇ ನಿಂತುಹೋಗಿದೆ. ಮುಂದಿನದು ಯಾವಾಗ?"

"ಮುಂದಿನದು ನಿನಗೆ ಬಾಯಿಪಾಠ ಇದೆಯಲ್ಲೋ."

"ಬಾಯಿಗೆ ಗೊತ್ತು. ಬೆರಳಿಗೆ ಗೊತ್ತಿಲ್ಲ."

ದೊಡ್ಡಮ್ಮ ಆ ಹಾಳೆಯ ಮಡಿಕೆಯನ್ನು ಸವರಲು ಕೈ ಚಾಚಿದಳು. ಅರ್ಧಕ್ಕೇ ಕೈ ಹಿಂದೆ ತೆಗೆದುಕೊಂಡಳು. ಸುಕ್ಕನ್ನು ಸುಕ್ಕಾಗಿಯೇ ಬಿಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಮೇಜಿನ ಖಾನೆ ಎಳೆದು ದಬ್ಬಳ ಹುಡುಕಿದಳು.

ಈ ಸಲ ಗಂಟಿನ ಕಾನೂನು ರದ್ದಾಯಿತು. ಹಳೆಯ ಪುಸ್ತಕವನ್ನು ಪಕ್ಕದಲ್ಲಿಟ್ಟು ಹಾಳೆಗೆ ಹಾಳೆ ನಕಲು ಮಾಡಿದಳು. ಬರೆದದ್ದನ್ನು ಶರ್ಟುಗಳ ನಡುವೆ ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕುತ್ತಿದ್ದಳು. "ಇದ್ಯಾರ ಅಂಗಿ?" ಎಂದು ಗಿರಾಕಿಗಳು ಕೇಳಿದರೆ, "ಸ್ವಾಮಿಯದು," ಎಂದು ದೊಡ್ಡಪ್ಪ ಕೂತಲ್ಲಿಂದಲೇ ಉತ್ತರ ಕೊಡುತ್ತಿದ್ದರು. ಹಾಳೆ ಮುಗಿದ ಸಂಜೆ ಬೆತ್ತದ ಮಾಮ ಬಂದು ಅಲ್ಲೇ ನಿಂತು ಗಟ್ಟಿಯಾಗಿ ಓದುತ್ತಿದ್ದ. ಇಷ್ಟವಾದ ಮಾತಿನ ಮೇಲೆ ಬೆರಳಿಟ್ಟು ಸುಮ್ಮನಾಗುತ್ತಿದ್ದ. ಅವನು ಸುಮ್ಮನಾದಷ್ಟು ಹೊತ್ತು ದೊಡ್ಡಮ್ಮನೂ ಪೆಟ್ಟಿಗೆ ಎತ್ತಿ ಹಿಡಿದು ಸುಮ್ಮನೆ ನಿಲ್ಲುತ್ತಿದ್ದಳು. ಹೀಗೆ ಕಾಯುತ್ತಾ ಒಮ್ಮೆ ಪೆಟ್ಟಿಗೆ ಎತ್ತುವುದನ್ನೇ ಮರೆತು ಒಬ್ಬರ ಪ್ಯಾಂಟನ್ನು ಸುಟ್ಟದ್ದೂ ಉಂಟು.

ವಯಸ್ಸು ಯಾರನ್ನೂ ಬಿಡುವುದಿಲ್ಲ. ಅವಳ ಹೆಬ್ಬೆರಳಿನ ಗಂಟು ಊದಿತು. ಅರ್ಧ ಹಾಳೆ ಕಾಲು ಹಾಳೆಯಾಯಿತು, ಕಾಲು ಹಾಳೆ ಮೂರು ಸಾಲಾಯಿತು. ನಾನು ಬರೆದುಕೊಡುತ್ತೇನೆಂದರೆ, "ಮೊದಲು ಕಲಿ," ಎಂದಳು. ಕಲಿತೆ, ಗೊಣಗುತ್ತಾ ಕಲಿತೆ. ನಾಲ್ಕು ವರ್ಷಕ್ಕೆ ಹದಿನಾರು ಅಧ್ಯಾಯವಾಯಿತು. ಹದಿನೇಳನೆಯದರ ಎರಡನೇ ಹಾಳೆ ಪಟ್ಟಿಯಲ್ಲಿದ್ದಾಗಲೇ ಒಂದು ಬೆಳಿಗ್ಗೆ ಅವಳ ಎದೆಬಡಿತ ನಿಂತಿತು. ಹಗ್ಗದ ಮೇಲೆ ಏಳು ಶರ್ಟು, ಒಂದು ಹಾಳೆ ಇತ್ತು. ಉಳಿದ ಐದು ಅಧ್ಯಾಯ ಈಗ ನನ್ನ ತಲೆಗೆ ಬಂದಿದೆ. ಬೆತ್ತದ ಮಾಮ ಪ್ರತಿ ಹಾಳೆಯಲ್ಲೂ ನಾಲ್ಕು ತಪ್ಪು ಹುಡುಕಿ ಸಂತೋಷಪಡುತ್ತಾನೆ.

ಅವಳನ್ನು ಮಣ್ಣು ಮಾಡುವ ಮೊದಲು ಚರ್ಚಿನಲ್ಲಿ ಪಾಠ ಓದಬೇಕಿತ್ತು. ಕಾರ್ಯದರ್ಶಿ ಎದ್ದರು. ಬೆತ್ತದ ಮಾಮ ಅವರಿಗಿಂತ ಮೊದಲೇ ಎದ್ದಿದ್ದ. ಬಗಲಲ್ಲಿ ಕಾಲು ತೊಳೆದ ಅಧ್ಯಾಯದ ಹಾಳೆಗಳಿದ್ದವು. ಹೊಲಿದಿರಲಿಲ್ಲ, ಅಂಟಿಸಿರಲಿಲ್ಲ, ಅಂಚುಗಳು ಸುರುಳಿಕೊಂಡಿದ್ದವು. ಮುಂದೆ ಹೋಗಿ ಹಾಳೆಗಳನ್ನು ಹರಡಿಕೊಂಡು ಬೆರಳಿಟ್ಟು ಓದತೊಡಗಿದ. ಗುರು ಊಟದಿಂದ ಎದ್ದದ್ದನ್ನು ಓದಿದ. ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡದ್ದನ್ನು ಓದಿ ಆ ಮಾತಿನಲ್ಲೇ ಸ್ವಲ್ಪ ಹೊತ್ತು ಕೂತ. ನಾವೂ ಕಾದೆವು. ಆಮೇಲೆ ಬೋಗುಣಿಗೆ ನೀರು ಹೊಯ್ದದ್ದನ್ನು ಓದಿದ.

ಹಾಳೆ ಎಲ್ಲಿ ಮುಗಿಯುತ್ತದೆಂದು ಸಭೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವಳೇ ನಿಂತು ಹೇಳಿದ್ದಳಲ್ಲ. ಅವನ ಬೆರಳು ಕೊನೆಯ ಸಾಲಿನ ತುದಿಗೆ ಬಂದು ನಿಂತಿತು, ಅಂಚನ್ನು ಹುಡುಕಿತು. ದಪ್ಪ ಹಾಳೆ ಸರಿದ ಸದ್ದು ಕೊನೆಯ ಬೆಂಚಿನವರೆಗೂ ಕೇಳಿಸಿತು.

ದೊಡ್ಡಪ್ಪ ನನ್ನ ಕೈ ಹಿಡಿದುಕೊಂಡರು. "ತಿರುವಿದ ಕಣಮ್ಮಾ," ಎಂದರು.